ಮೂರನೆಯ ಪಟ

ವಕೀಲರ ಸಂಘದ ಹಾಲಿನಲ್ಲಿ, ಕ್ಯಾಂಟೀನಿಗೆ ತಿರುಗುವ ಬಾಗಿಲ ಮೇಲೆ
ಎಡದಿಂದ ಮೂರನೆಯ ಪಟ:
ದೇಜಪ್ಪ ಹೆಗ್ಡೆ.
ವಕೀಲರು, ಮುನ್ಸೀಫರು, ಮದರಾಸು ಶಾಸನಸಭೆಯ ಸದಸ್ಯರು.
ಗಾಜಿನೊಳಗೆ ನುಗ್ಗಿದ ಹುಳ
ಎಡಗಡೆಯ ಮೀಸೆ ತಿಂದು ಮುಗಿಸಿದೆ.

ನಾನು ದಿನಾ ಚಾ ಕುಡಿಯುವುದು ಅದರ ಕೆಳಗೇ.
ಇವರು ನಿಮಗೇನಾಗಬೇಕು ಮೇಡಂ, ಎಂದು ಜೂನಿಯರುಗಳು ಕೇಳುತ್ತಾರೆ.
ಏನೂ ಆಗಬೇಕಿಲ್ಲ.
ನನ್ನ ಅಜ್ಜಿಯ ಅಮ್ಮನನ್ನು ಮನೆಯಿಂದ ಇಳಿಸಿದವರು, ಅಷ್ಟೆ.

ಹಂಗಾರಕಟ್ಟೆಯಲ್ಲಿ ಮಂಜಿ ಹತ್ತಿ, ಅಕ್ಕಿಮುಡಿಗಳ ನಡುವೆ ಕೂತು
ಮಂಗಳೂರಿಗೆ ಬಂದಾಗ ಹುಡುಗನಿಗೆ ಹನ್ನೊಂದು.
ಕಳಿಸಿದ್ದು ಸೋದರಮಾವ. ಫೀಸು ಮಾವನದು, ಕೋಟು ಮಾವನದು,
ಬಿ.ಎಲ್. ಓದಿಗೆಂದು ಮಾರಿದ ಬೈಲುಗದ್ದೆ ಮಾವನದು.
ಮಾವ ತೀರಿಕೊಂಡಾಗ ಮನೆಯೂ ಇವರಿಗೇ ಬಂತು.
ಅಳಿಯಸಂತಾನದ ಕಟ್ಟು. ಕೇಳುವವರಿಲ್ಲ.
ಅತ್ತೆ ನಾಲ್ಕು ಮಕ್ಕಳೊಡನೆ ಹಿತ್ತಿಲ ಬಾಗಿಲಿಂದ ತವರಿಗೆ ನಡೆದರಂತೆ,
ಕಿರಿಯವನು ಇವರ ಹಳೇ ಸ್ಲೇಟನ್ನು ಕಂಕುಳಲ್ಲಿ ಒತ್ತಿಕೊಂಡು.
ಇದು ಪಟದ ಕೆಳಗೆ ಬರೆದಿಲ್ಲ.

ವಕೀಲಿಕೆ ಚೆನ್ನಾಗಿ ಹತ್ತಿತು.
ಗೇಣಿ, ಅಡವು, ಗಡಿಯ ಮೇಲಿನ ಹಲಸಿನ ಮರ.
ಸಾಕ್ಷಿಗಳನ್ನು ತುಳುವಿನಲ್ಲಿ ನಗಿಸಿ
ಇಂಗ್ಲಿಷಿನಲ್ಲಿ ಸೋಲಿಸುತ್ತಿದ್ದರಂತೆ.

ಆಮೇಲೆ ಉಡುಪಿಯ ಮುನ್ಸೀಫ್ ಕೋರ್ಟು. ಅಸಲು ದಾವೆ ಇನ್ನೂರ ಹದಿನಾಲ್ಕು.
ವಾದಿ: ಸತ್ತವನ ಅಳಿಯ. ಪ್ರತಿವಾದಿ: ಸತ್ತವನ ಹೆಂಡತಿ ದಾರಕ್ಕ.
ಅವಳಿಗೆ ವಕೀಲರಿರಲಿಲ್ಲ. ಒಂದೇ ಒಂದು ಮಾತು ಕೇಳಿದಳು:
"ಸ್ವಾಮಿ, ಹದಿನಾರು ವರ್ಷ ನಾನು ಒಲೆ ಹಚ್ಚಿದ ಮನೆ
ನನ್ನದಲ್ಲ ಎಂದಾದರೆ, ಬೂದಿ ಯಾರದು?"
ಗುಮಾಸ್ತ ಬರೆದುಕೊಂಡ:
ಪ್ರತಿವಾದಿಯು ಅಪ್ರಸ್ತುತ ನುಡಿದಳು.

ತೀರ್ಪು ಆರೂವರೆ ಪುಟ.
ರೆಕಾರ್ಡು ರೂಮಿನ ಧೂಳಿನಲ್ಲಿ ಮೂಲವನ್ನೇ ಓದಿದ್ದೇನೆ.
ಒಂದು ತಪ್ಪಿಲ್ಲ. ಆ ಕುರ್ಚಿಯಲ್ಲಿ ನಾನಿದ್ದರೂ
ಹಾಗೆಯೇ ಬರೆಯಬೇಕಿತ್ತು.
ಅದೇ ನನಗೆ ಸಿಟ್ಟು.
ಕೊನೆಯ ಪುಟದಲ್ಲಿ ಮಾತ್ರ "ಮೂವತ್ತು ದಿನದೊಳಗೆ" ಎಂಬುದನ್ನು ಹೊಡೆದು
"ಕೊಯ್ಲು ಮುಗಿದ ಮೇಲೆ" ಎಂದು ತಿದ್ದಿದ್ದಾರೆ,
ಬೇರೆ ಮಸಿ, ಬೇರೆ ಹೊತ್ತು,
ಅಕ್ಷರ ತುಸು ಬಲಕ್ಕೆ ವಾಲಿದೆ.

ಕೊಯ್ಲು ಮುಗಿಯಿತು. ದಾರಕ್ಕ ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಬಂದಳು.
ಹಸಿ ಹಂಚನ್ನು ಅಚ್ಚಿನಿಂದ ಬಿಡಿಸಿ, ಅಂಚು ಸವರಿ, ಒಣಗಲು ಇಡುವುದು.
ದಿನಕ್ಕೆ ಎರಡಾಣೆ.
ಮನೆ ಹೋದವಳು ಊರಿಗೆಲ್ಲ ಮಾಡು ಹೊದೆಸಿದಳು
ಎಂದು ಅಜ್ಜಿ ನಗುತ್ತಿದ್ದಳು. ನನಗೆ ಆ ನಗು ಬರುವುದಿಲ್ಲ.

ಹೆಗ್ಡೆಯವರು ಹುದ್ದೆ ಬಿಟ್ಟು ಚುನಾವಣೆಗೆ ನಿಂತರು.
ಓಟು ಹಾಕಿದವರು ತೀರುವೆ ಕಟ್ಟುವ ಗಂಡಸರು.
ಮದರಾಸಿನಲ್ಲಿ ಒಂದು ಮಸೂದೆ ತಂದರು:
ಗಂಡಸು ತಾನೇ ದುಡಿದದ್ದರಲ್ಲಿ ಹೆಂಡತಿ ಮಕ್ಕಳಿಗೂ ಪಾಲಿರಲಿ.
ಭಾಷಣ ನಲವತ್ತು ನಿಮಿಷ, ಅಚ್ಚಿನಲ್ಲಿ ಹನ್ನೊಂದು ಪುಟ.
ಅದರಲ್ಲಿ "ಉಡುಪಿ ತಾಲೂಕಿನ ಓರ್ವ ವಿಧವೆ" ಎರಡು ಸಲ ಬರುತ್ತಾಳೆ.
ಹೆಸರಿಲ್ಲ. ಬೂದಿಯ ಮಾತಿದೆ.
ಅಪ್ರಸ್ತುತವಾದದ್ದು ಹೇಗೆ ನೆನಪುಳಿಯಿತೋ.
ಸ್ಲೇಟಿನ ಹುಡುಗ ಎಲ್ಲೂ ಬರುವುದಿಲ್ಲ.

ಎರಡು ಮತದಿಂದ ಬಿತ್ತು.
ಮುಂದಿನ ಸಲ ಅವರೂ ಬಿದ್ದರು. ಎದುರು ಪ್ರಚಾರಕ್ಕೆ ಹೊರಟವನು
ಸ್ವಂತ ಅಳಿಯ, ಅವರದೇ ಎತ್ತಿನ ಗಾಡಿಯಲ್ಲಿ.

ಆ ವರ್ಷವೇ ಮುದುಕ ದೊಡ್ಡ ಮನೆ ಬಿಟ್ಟು
ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು
ಕದ್ರಿಯ ಬಳಿ ಬಾಡಿಗೆ ಮನೆ ಹಿಡಿದರು. ಜನ ಹುಚ್ಚು ಎಂದರು.
ನನಗೆ ಅರ್ಥವಾಗುತ್ತದೆ: ಬಾಡಿಗೆಯ ಮನೆ
ಯಾವ ಅಳಿಯನಿಗೂ ಬರುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಈ ಹಾಲಿನ ಮಾಡು ಬಿಚ್ಚಿದರು.
ಅಂಗಳದಲ್ಲಿ ಪೇರಿಸಿದ ಹಂಚೊಂದರ ಅಡಿಯಲ್ಲಿ
ಒಂದು ಹೆಬ್ಬೆರಳಿನ ಗುರುತು. ಹಸಿಯಿದ್ದಾಗ ಒತ್ತಿ, ಬೆಂಕಿಯಲ್ಲಿ ಬೆಂದದ್ದು.
ಅದು ದಾರಕ್ಕನದೆಂದು ನಾನು ಹೇಳುವುದಿಲ್ಲ.
ಸಾಕ್ಷ್ಯವಿಲ್ಲ. ಆ ಕಾರ್ಖಾನೆಯಲ್ಲಿ ಇನ್ನೂರು ಹೆಂಗಸರಿದ್ದರು.

ಆದರೂ ನನ್ನ ಹೆಬ್ಬೆರಳು ಇಟ್ಟು ನೋಡಿದೆ.
ಸ್ವಲ್ಪ ದೊಡ್ಡದಾಯಿತು.
ಅಷ್ಟರಲ್ಲಿ ಒಳಗಿನಿಂದ ನನ್ನ ಕೇಸು ಕೂಗಿದರು.
ಚಾ ಅಲ್ಲೇ ಬಿಟ್ಟು ಹೋದೆ.