ಗೋಳಿಮರದ ಆಚೆ

ಕೆಮಿಸ್ಟ್ರಿ ಬ್ಲಾಕಿಗೂ ಬಿಸಿನೆಸ್ ಸ್ಕೂಲಿಗೂ
ನಡುವೆ ಒಂದೇ ಗೋಳಿಮರ, ಇನ್ನೂರು ಹೆಜ್ಜೆ.
ನನಗೆ ಮೂರು ಸೆಮಿಸ್ಟರ್ ಹಿಡಿಯಿತು.

ಸೀಟು ನಾಲ್ಕು. ಅರ್ಜಿ ತೊಂಬತ್ತೊಂದು.
"ಬಿಟ್ಟು ಬರುವುದೇಕೆ?" ಎಂದರು,
ಅಂಕಪಟ್ಟಿಯ ಮೇಲೆ ಪೆನ್ನು ತಟ್ಟುತ್ತ.
ಬಾಯಿಪಾಠ ಮಾಡಿದ್ದೆಲ್ಲ
ಕೊಣಾಜೆಯ ಬಸ್ಸಿನಲ್ಲೇ ಉಳಿದಿತ್ತು.

ನೆನಪಾದದ್ದು ತೊಕ್ಕೊಟ್ಟಿನ ಬೀಡಿ ಬ್ರಾಂಚು:
ಅಮ್ಮ ಕಟ್ಟಿದ ಸಾವಿರದಲ್ಲಿ
ಒಂದು ಹಿಡಿ ಮುರಿದು ಬಿಸಾಡುವ ಚೆಕ್ಕರ್,
ಎಲೆ ಕಮ್ಮಿ ಬಂದರೂ
ಅಮ್ಮನ ತಲೆಗೇ ಬೀಳುವ ಲೆಕ್ಕ.

"ಕೌಂಟರಿನ ಆಚೆಯ ಪುಸ್ತಕ ಓದಬೇಕಿತ್ತು, ಸರ್."

ಯಾರೂ ನಗಲಿಲ್ಲ. ಒಬ್ಬರು ಏನೋ ಗೀಚಿಕೊಂಡರು.

ಪಟ್ಟಿಯಲ್ಲಿ ಕೊನೆಗೆ, ಸುಪ್ರೀತಾ ಗಟ್ಟಿ.

ಹೊಸ ಕ್ಲಾಸಿನ ಇಸ್ತ್ರಿ ಅಂಗಿಗಳ ನಡುವೆ
ಬೆರಳಲ್ಲಿ ಸಿಲ್ವರ್ ನೈಟ್ರೇಟಿನ ಕಪ್ಪು, ಉಜ್ಜಿದರೂ ಹೋಗದ್ದು.
"ಏನದು?" ಎಂದಳು ಪಕ್ಕದವಳು.
"ಹೊಗೆಸೊಪ್ಪು"
ಎಂದುಬಿಟ್ಟೆ.