ಚಂದ್ರಂಪಳ್ಳಿ ದಂಡೆ

ಡ್ಯಾಮಿನ ನೀರು ಮೂರು ಮಾರು ಹಿಂದೆ ಸರಿದಿದೆ.
ಬಿಟ್ಟುಹೋದ ಕಲ್ಲಿನ ಮೇಲೆ
ಸಣ್ಣ ಸಣ್ಣ ಅಲೆ, ಅಲುಗದೆ.

"ಇದು ಈ ನೀರಿನ ಗುರುತಲ್ರಿ,
ಭಾಳ ಹಿಂದಿಂದು," ಅಂದ ವಾಚರ್ ಗೇಮು.
ಬೀಡಿ ಹಚ್ಚಲಿಲ್ಲ, ಕಾಡು ಒಣಗಿದೆ;
ಕಿವಿಗೆ ಸಿಕ್ಕಿಸಿಕೊಂಡ.

ಕಾರೆಮುಳ್ಳು, ಜಂಬಿಟ್ಟಿಗೆಯ ಏರು,
ಮೊಣಕಾಲಿನ ತಕರಾರು.
ಅವನ ಹರಕು ಚಪ್ಪಲಿಗೆ ದಾರಿ ಗೊತ್ತು,
ನನ್ನ ಹೊಸ ಬೂಟಿಗೆ ಬರೀ ಬೆಲೆ.

ನೆತ್ತಿಯಲ್ಲಿ ಗಾಳಿ.
ತೇಗದ ತರಗೆಲೆಗಳೆಲ್ಲ ಒಮ್ಮೆಲೇ ಉರುಳಿ
ಯಾವುದೋ ದಡಕ್ಕೆ ಬಡಿದಂಥ ಸದ್ದು.

"ಸಮುದ್ರ ನೋಡಿಯೇನು, ಗೇಮು?"
"ಮನ್ಯಾಗಿನ ಪರಸಿ ನೋಡೀನ್ರಿ.
ದಿನಾ ಅದರ ಮ್ಯಾಲೇ ಕುಂತು ಉಣ್ತೀವಿ."

ಇಳಿಯುವಾಗ ಬೂಟು ಬಿಚ್ಚಿ
ಆ ಅಲೆಗಳ ಮೇಲೆ ಕಾಲಿಟ್ಟೆ.
ಸುಟ್ಟಿತು.
ಮತ್ತೆ ಹಾಕಿಕೊಂಡೆ.