ನಡು ತಪ್ಪಿಸಿದ್ದು

ಬೋಟಿನ ಶಾಫ್ಟು, ಬುಶ್ಶು, ಪಂಪಿನ ಪಿನ್ನು,
ಬೈತಖೋಲದ ನನ್ನ ಲೇತಿಗೆ ಬರುವುದು ಇಷ್ಟೇ.
ಆ ಮಧ್ಯಾಹ್ನ ಕಾಯ್ತಾನ ಬಂದು
ಕರವಸ್ತ್ರದ ಗಂಟು ಬಿಚ್ಚಿ
ಮೂರು ಹಿತ್ತಾಳೆಯ ಬಾಯಿ ಇಟ್ಟ ಬೆಂಚಿನ ಮೇಲೆ.
"ಹಲ್ಲು ಕಟ್ಟಿಸಿದ ಮೇಲೆ ಯಾವುದೂ ಕೂರ್ತಾ ಇಲ್ಲ ಮಾರಾಯ,
ನೋಡು ಒಮ್ಮೆ."

ಅವನ ಟ್ರೊಂಬೋನು ಸಣ್ಣ ಕೊಳವೆಯದು,
ಅಪ್ಪ ಬೆಳಗಾವಿಯ ಹಳೆ ಸಾಮಾನಿನ ಅಂಗಡಿಯಿಂದ
ಸೈಕಲ್ಲು ಕೊಟ್ಟು ತಂದದ್ದು.
ನನ್ನ ಕಿರುಬೆರಳು ಹೋಗುತ್ತದೆ ಅದರೊಳಗೆ,
ಉಂಗುರಬೆರಳು ನಿಲ್ಲುತ್ತದೆ.

ಮೊದಲನೆಯದು ನೇವಿ ಬ್ಯಾಂಡಿನವ ಯಾರೋ ಕೊಟ್ಟದ್ದು,
ಬೆಳ್ಳಿ ನೀರು ಕುಡಿದು ಮಿರಿಮಿರಿ.
ಬಟ್ಟಲು ಆಳ, ಎರಡು ಚಮಚ ಚಾ ಹಿಡಿದೀತು.
ಬಾಲ ಮಾತ್ರ ದಪ್ಪ;
ಚಪ್ಪಲಿ ಬಿಡಲು ಜಾಗ ಸಿಗದ ನೆಂಟನ ಹಾಗೆ
ಹೊಸ್ತಿಲಲ್ಲೇ ನಿಂತುಬಿಟ್ಟಿತು.
"ಸಪೂರ ಮಾಡಲಾ?" ಎಂದೆ.
"ಮಾಡಿದರೂ ಅದು ದೊಡ್ಡ ವಾದ್ಯದ ಬಾಯಿ.
ಅದು ಕೇಳುವಷ್ಟು ಉಸಿರು ಇದರ ಕೊಳವೆಗೆ ಸಾಗದು.
ಕೆಳಗಿನ ಸ್ವರ ಹಬ್ಬುತ್ತದೆ,
ಮೇಲಿನದು ಶ್ರುತಿ ಬಿಟ್ಟು ಜಾರುತ್ತದೆ."

ಎರಡನೆಯದು ಮೀರತ್ತಿನ ಮಾಲು, ಹೊಸದು.
ಆಳವೇ ಇಲ್ಲ, ಕೋಟಿನ ಗುಂಡಿ ಮಗುಚಿದಂತೆ.
ಊದಿದ. ಸೈಡು ಕೊಡದ ಲಾರಿಗೆ ಹಾರ್ನು ಹೊಡೆದ ಹಾಗೆ.
ಹೊರಗೆ ಬಲೆ ಹೊಲಿಯುತ್ತಿದ್ದ ಸೋಯರು ತಾಂಡೇಲ
ತಲೆ ಎತ್ತಿದ.
"ಮದುವೆ ಮೆರವಣಿಗೆಗೆ ಇದೇ ಸೈ,
ಜನರೇಟರಿನ ಸದ್ದು ದಾಟಬೇಕಲ್ಲ.
ಆದರೆ ಮಣ್ಣಿಗೆ ಹೋಗುವಾಗ
ಹೀಗೆ ಕಿರುಚಲಿಕ್ಕಾಗ್ತದಾ?
ಈಗೀಗ ನನಗೆ ಬರುವುದೆಲ್ಲ ಆ ಕರೆಯೇ."

ಮೂರನೆಯದನ್ನು ಕೊಟ್ಟದ್ದೇ ಬೇರೆ ರೀತಿ,
ಎರಡೂ ಕೈಯಿಂದ.
ಅಂಚಿನ ಬೆಳ್ಳಿ ಸವೆದು ಹಿತ್ತಾಳೆ ಇಣುಕುತ್ತಿತ್ತು,
ಒಂದು ಕಡೆ ಇಗರ್ಜಿಯ ಮೆಟ್ಟಿಲು ಕಚ್ಚಿದ ಗುರುತು.
ಬಾಲ ಕೊಳವೆಗಿಳಿದು ಒಂದೇ ಸಣ್ಣ ತಿರುವಿಗೆ
ಬಿಗಿದು ಕೂತಿತು;
ನಾನೇ ಕಡೆದಿದ್ದರೂ ಇಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.
ಆದರೆ ಮೂರು ಸ್ವರಕ್ಕೇ ತುಟಿ ತೆಗೆದ.
"ಕೊಯ್ಯುತ್ತದೆ."

ನಾನು ಸಂಗೀತ ಬಲ್ಲವನಲ್ಲ.
ಸವೆದದ್ದನ್ನು ಓದಬಲ್ಲೆ.
ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ಅವನ ತುಟಿ ನೋಡಿದೆ:
ಕೆಂಪು ಉಂಗುರ ನಡುವಿಗಿಲ್ಲ,
ಒಂದು ನೂಲು ಎಡಕ್ಕೆ ಸರಿದಿದೆ.
ಬಲಗಡೆ ಕಟ್ಟಿಸಿದ ಎರಡು ಹಲ್ಲು ತಳ್ಳಿವೆ ಅದನ್ನು.
ಮೂವತ್ತೊಂದು ವರ್ಷ ಒಂದೇ ಕಡೆ ಕೂತು ಸವೆದ ಅಂಚು
ಹೊಸ ಜಾಗದಲ್ಲಿ ಹಳೆ ತುಟಿ ಹುಡುಕುತ್ತಿದೆ.
ಗೇಜು ಹಿಡಿದೆ. ಕಚಗುಳಿಯೆಂದು ನಕ್ಕ.

ಮೂರು ದವಡೆಯ ಚಕ್ಕು ತೆಗೆದು ನಾಲ್ಕು ದವಡೆಯದು ಹಾಕಿದೆ.
ಮೂರರದ್ದು ತಾನಾಗಿ ನಡು ಹಿಡಿಯುತ್ತದೆ,
ನಾಲ್ಕರದ್ದಕ್ಕೆ ಒಂದೊಂದು ದವಡೆಗೂ
ಬೇರೆ ಬೇರೆ ಹೇಳಬೇಕು.
ಶಾಫ್ಟು ಒಂದು ಕೂದಲು ನಡು ತಪ್ಪಿದರೆ
ಬೋಟು ದೇವಗಡ ದಾಟುವ ಮೊದಲೇ ಬುಶ್ಶು ತಿಂದೀತು;
ನಡು ಹಿಡಿಯುವುದೇ ನನ್ನ ಅನ್ನ.
ಅಂದು ಬೇಕೆಂದೇ ತಪ್ಪಿಸಿದೆ.
ಬಟ್ಟಲು ಮುಟ್ಟಲಿಲ್ಲ, ಗಂಟಲು ಮುಟ್ಟಲಿಲ್ಲ,
ಎಡದ ಅಂಚಿನಿಂದ ಮಾತ್ರ
ಉಗುರು ಉಜ್ಜಿದ ಪುಡಿಯಷ್ಟು ತೆಗೆದೆ.
ಮೆಟ್ಟಿಲಿನ ಗುರುತು ಹೋಗಲಿಲ್ಲ.
"ಇರಲಿ," ಎಂದ.

ಊದಿದ. ಗೊರಗೊರ.
ಸ್ವಲ್ಪ ತಿರುಗಿಸಿದ. ಮತ್ತೂ ಸ್ವಲ್ಪ.
ಒಂದು ಕಡೆ ಅದು ತುಟಿಗೆ ಸಿಕ್ಕಿತು,
ಬೇರಿಂಗು ಕೂತಾಗ ಆಗುವ ಹಾಗೆ
ನನ್ನ ಬೆರಳಿಗೆ ಗೊತ್ತಾಯಿತು, ಕಿವಿಗಿಂತ ಮೊದಲು.
ಉದ್ದ ಸ್ವರ, ಅವಸರವಿಲ್ಲದ್ದು,
ಐಸಿನ ಪೆಟ್ಟಿಗೆಗಳ ನಡುವೆ ಹಾದು ಧಕ್ಕೆಯ ಕಡೆ ಹೋಯಿತು.
ಸೋಯರು ಈ ಸಲ ತಲೆ ಎತ್ತಲಿಲ್ಲ,
ಸೂಜಿ ಮಾತ್ರ ನಿಲ್ಲಿಸಿದ.

ಕೂತಲ್ಲೇ ಸೀಮೆಸುಣ್ಣದ ಗೆರೆ ಎಳೆದು,
ಬಿಚ್ಚಿ,
ಗೆರೆಯ ಮೇಲೆ ಪಂಚಿನಿಂದ ಒಂದು ಚುಕ್ಕಿ ಹೊಡೆದೆ.
ಎಷ್ಟಾಯಿತೆಂದು ಕೇಳಿದ. ಏನೆಂದು ಬರೆಯಲಿ?
ಪುಸ್ತಕದಲ್ಲಿ "ಪಂಪಿನ ಪಿನ್ನು, ಒಂದು" ಎಂದು ಗೀಚಿ
ನಲವತ್ತು ರೂಪಾಯಿ ತೆಗೆದುಕೊಂಡೆ.
ಉಳಿದೆರಡನ್ನು ಗಂಟು ಕಟ್ಟುತ್ತ
ಹೆಬ್ಬೆರಳಿಂದ ಸವರಿ ನೋಡಿದ:
"ಚುಕ್ಕಿ ಮೇಲೆ. ಕತ್ತಲಲ್ಲೂ ಸಿಗ್ತದೆ."